ನಿಮಗೆ ಎಷ್ಟು ವರ್ಷ? ವಯಸ್ಸು ಕೇಳುವುದು, ಹೇಳುವುದು

(ಕಾಲೇಜಿನ ವಾರ್ಷಿಕ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈಗಷ್ಟೇ ನನ್ನನ್ನು ಪರಿಚಯಿಸಿದವರು ತುಂಬ ಪ್ರೀತಿಯಿಂದ ಮಾತಾಡಿದರು. ಓದಿದ ಶಾಲೆ, ಪಾಠ ಹೇಳಿದ ಕಾಲೇಜುಗಳು, ಬರೆದ ಪುಸ್ತಕಗಳು ಎಲ್ಲವನ್ನೂ ತಪ್ಪಿಲ್ಲದೆ ಹೇಳಿದರು. ಒಂದು ಮಾತು ಮಾತ್ರ ನಿಜವಲ್ಲ. ಅದು ಅವರ ತಪ್ಪಲ್ಲ. ನಾನು 1958ರ ಜೂನ್ 1ರಂದು ಹುಟ್ಟಿದೆ ಎಂದು ಅವರು ಓದಿದರು. ನಾನೇ ಕಳಿಸಿದ ಸ್ವವಿವರದಲ್ಲಿ ಹಾಗೇ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಸೇವಾ ಪುಸ್ತಕದಲ್ಲಿ, ಪಿಂಚಣಿ ಆದೇಶದಲ್ಲಿ, ಆಧಾರ್ ಕಾರ್ಡಿನಲ್ಲೂ ಹಾಗೇ ಇದೆ. ನನ್ನ ತಾಯಿಯ ಲೆಕ್ಕ ಬೇರೆ. ಅವಳು ನನ್ನನ್ನು ಹೆತ್ತದ್ದು ವಿಳಂಬಿ ಸಂವತ್ಸರದ ಕಾರ್ತಿಕದಲ್ಲಿ, ದೀಪಾವಳಿ ಕಳೆದು ತುಳಸಿ ಹಬ್ಬಕ್ಕೆ ಮುಂಚೆ. ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಗ ನೋವು ಕಾಣಿಸಿಕೊಂಡಿತಂತೆ. ಅಂದರೆ ನವೆಂಬರ್ ತಿಂಗಳ ನಡುವೆ ಎಲ್ಲೋ.

1964ರ ಜೂನ್‌ನಲ್ಲಿ ಅಪ್ಪ ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಹೆಡ್‌ಮೇಷ್ಟ್ರು ನನ್ನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಲು ಹೇಳಿದರು. ಬೆರಳು ಕಿವಿಗೆ ಸಿಕ್ಕಿತು. ದಾಖಲಾತಿ ಪುಸ್ತಕ ತೆಗೆದು, ಮಸಿಯಲ್ಲಿ ಲೇಖನಿ ಅದ್ದಿ, ಜೂನ್ 1 ಎಂದು ಬರೆದರು. ಆ ಒಂದು ಗೆರೆಯಲ್ಲಿ ನನಗೆ ಆರು ತುಂಬಿತು. ಈ ಸಭೆಯಲ್ಲಿ ಅರವತ್ತು ದಾಟಿದವರಲ್ಲಿ ಜೂನ್ 1ರಂದು ಹುಟ್ಟಿದವರು ದಯವಿಟ್ಟು ಕೈ ಎತ್ತುತ್ತೀರಾ? (ಹನ್ನೊಂದು ಕೈಗಳು ಎದ್ದವು.) ನೋಡಿ, ನಾವೆಲ್ಲ ಒಂದೇ ದಿನ ಹುಟ್ಟಿದವರು.

ಇಂದು ನಾನು ಆರಿಸಿಕೊಂಡಿರುವ ಪ್ರಶ್ನೆ ಇಷ್ಟೇ: ನಮ್ಮ ವಯಸ್ಸನ್ನು ನಾವು ಇತರರಿಗೆ ಹೇಳಬೇಕೇ? ಮೊದಲು ಭಾಷೆಯ ಮಾತಾಡುತ್ತೇನೆ, ಏಕೆಂದರೆ ಕನ್ನಡ ಆಡುವವರಿಗೆ ಈ ಪ್ರಶ್ನೆ ಬಾಯಿ ತೆರೆಯುವ ಮುನ್ನವೇ ಎದುರಾಗುತ್ತದೆ. ಆಮೇಲೆ ಕಾಗದದ ವಯಸ್ಸು. ಮೂರನೆಯದಾಗಿ, ವಯಸ್ಸನ್ನು ಮುಚ್ಚಿಟ್ಟುಕೊಳ್ಳಬೇಕು ಎನ್ನಿಸುವ ಸಂದರ್ಭಗಳು. ಕೊನೆಗೆ, ಮುಖ ಕಾಣದೆ ಮಾತಾಡುವ ಈ ಕಾಲದಲ್ಲಿ ಮಕ್ಕಳ ವಯಸ್ಸು ಯಾರಿಗೆ ಗೊತ್ತಿರಬೇಕು ಎಂಬುದು. ನನ್ನ ನಿಲುವನ್ನು ಮುಂಚೆಯೇ ಹೇಳಿಬಿಡುತ್ತೇನೆ. ವಯಸ್ಸು ಹೇಳುವುದೋ ಬಿಡುವುದೋ ಎಂದು ಯೋಚಿಸಬೇಕಾದವರು ನಾವು ಮಾತ್ರವಲ್ಲ. ಯಾಕೆ ಕೇಳುತ್ತಿದ್ದೇನೆ ಎಂದು ಮೊದಲು ಹೇಳಬೇಕಾದವರು ಕೇಳುವವರು.

ಭಾಷೆಯಿಂದ ಆರಂಭಿಸುತ್ತೇನೆ.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೂರು ಪ್ರಶ್ನೆ ಕೇಳುತ್ತಾರೆ: ಯಾವೂರು, ಯಾರ ಪೈಕಿ, ಎಷ್ಟು ವರ್ಷ. ಎರಡನೆಯ ಪ್ರಶ್ನೆಯ ಹಿಂದೆ ಏನಿದೆ ಎಂಬುದು ನಮಗೆಲ್ಲ ಗೊತ್ತು, ಅದಕ್ಕೆ ಉತ್ತರ ಕೊಡುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಮೂರನೆಯದು ಹಾಗಲ್ಲ. ಎದುರಿಗಿರುವವರನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ತೀರ್ಮಾನವಾಗದೆ ಕನ್ನಡದಲ್ಲಿ ಒಂದು ವಾಕ್ಯ ಮುಗಿಯುವುದಿಲ್ಲ. ಬಾ ಎನ್ನುವುದೋ ಬನ್ನಿ ಎನ್ನುವುದೋ? ಕ್ರಿಯಾಪದದ ತುದಿಯಲ್ಲೇ ವಯಸ್ಸು ಕೂತಿದೆ. ಹೆಸರಿಗೆ ಬದಲು ಅಣ್ಣ, ಅಕ್ಕ, ತಮ್ಮ, ಮಾಮ, ಅಜ್ಜಿ ಎನ್ನುತ್ತೇವೆ. ಧಾರವಾಡದ ಕಡೆ ಕಾಕಾ, ಯವ್ವಾ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಎದುರಿನವರ ವಯಸ್ಸನ್ನು ಅಳೆದು ಹೇಳಿದಂತೆಯೇ. ಏಕವಚನದಲ್ಲಿ ಮಾತಾಡಿಸಿದ ಎಂಬ ಒಂದೇ ಕಾರಣಕ್ಕೆ ಹೊಡೆದಾಟಗಳಾಗಿವೆ. ನಲವತ್ತರ ಹೆಣ್ಣುಮಗಳಿಗೆ ಮೊದಲ ಬಾರಿ ತರಕಾರಿ ಅಂಗಡಿಯವನು ಅಕ್ಕ ಎನ್ನುವುದು ಬಿಟ್ಟು ಆಂಟಿ ಎಂದ ದಿನ ಅವಳು ಮನೆಗೆ ಬಂದು ಕನ್ನಡಿ ನೋಡಿಕೊಳ್ಳುತ್ತಾಳೆ.

ಹಾಗಾಗಿ ನೇರವಾಗಿ ಕೇಳಲು ಸಂಕೋಚವಿರುವವರು ಸುತ್ತು ದಾರಿಗಳನ್ನು ಕಂಡುಕೊಂಡಿದ್ದಾರೆ. ನಿಮ್ಮದು ಯಾವ ಬ್ಯಾಚು? ಇನ್ನೂ ಸರ್ವಿಸ್ ಎಷ್ಟಿದೆ? ದೊಡ್ಡ ಮಗ ಏನು ಓದುತ್ತಿದ್ದಾನೆ? ಇವು ಕೇಳುವವರ ಕುತೂಹಲವನ್ನೂ ಹೇಳುವವರ ಮಾನವನ್ನೂ ಒಟ್ಟಿಗೆ ಕಾಯುವ ಪ್ರಶ್ನೆಗಳು. ಉತ್ತರ ಎರಡು ವರ್ಷ ಆಚೀಚೆ ಇದ್ದರೂ ನಡೆಯುತ್ತದೆ. ಬನ್ನಿ ಎನ್ನಲು ಅಷ್ಟು ಸಾಕು. ನಮ್ಮ ಹಿರಿಯರು ಬಳಸಿದ ಈ ಉಪಾಯದಲ್ಲಿ ಒಂದು ವಿವೇಕವಿದೆ: ಮಾತಿಗೆ ಬೇಕಾದದ್ದು ಹಿರಿಯರೋ ಕಿರಿಯರೋ ಎಂಬುದು, ಹುಟ್ಟಿದ ತಾರೀಕಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ವಯಸ್ಸು ಗೊತ್ತಾದ ಕೂಡಲೇ ನಾವು ಮಾತನ್ನು ಕೇಳುವ ರೀತಿ ಬದಲಾಗುತ್ತದೆ. ನಿನ್ನ ವಯಸ್ಸೆಷ್ಟು, ನೀನಾಡುವ ಮಾತೆಷ್ಟು ಎಂಬುದು ನಮ್ಮ ಮನೆಗಳಲ್ಲಿ ವಾದ ಮುಗಿಸುವ ಮಾತು. ಮುಪ್ಪಿಗೂ ಅದೇ ಗತಿ. ಅರವತ್ತಕ್ಕೆ ಅರಳು ಮರಳು ಎಂದರೆ ಅಲ್ಲಿಗೆ ಅಜ್ಜನ ಮಾತೂ ಬಿತ್ತು. ಒಂದೇ ಸಲಹೆಯನ್ನು ಇಪ್ಪತ್ತರವನು ಕೊಟ್ಟರೆ ಅಧಿಕಪ್ರಸಂಗ, ಐವತ್ತರವನು ಕೊಟ್ಟರೆ ಅನುಭವ, ಎಂಬತ್ತರವನು ಕೊಟ್ಟರೆ ಅರಳು ಮರಳು. ಮಾತು ಅದೇ!

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಲೆಕ್ಕವನ್ನು ಮುರಿದು ತೋರಿಸಿದ್ದಾರೆ. ಅಕ್ಕಮಹಾದೇವಿ ಅವರ ಸಭೆಗೆ ಬಂದಾಗ ಎಳೆಯ ಪ್ರಾಯದವಳು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅವಳಿಗಿಂತ ಹಿರಿಯರು. ಆದರೂ ಅವಳು ಅಕ್ಕನಾದಳು, ಇಂದಿಗೂ ಅಕ್ಕ. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ ಚಿಕ್ಕವನು. ಅವನ ಅರಿವಿಗೆ ಹಿರಿಯರು ತಲೆಬಾಗಿದರು ಎಂದೂ ಅಲ್ಲಮನ ನಂತರ ಶೂನ್ಯಪೀಠ ಅವನಿಗೆ ಬಂತು ಎಂದೂ ಶರಣ ಪರಂಪರೆ ಹೇಳುತ್ತದೆ. ಅಕ್ಕ, ಅಣ್ಣ ಎಂಬ ಮಾತುಗಳನ್ನು ಹುಟ್ಟಿದ ವರ್ಷದಿಂದ ಬಿಡಿಸಿ ಅರಿವಿಗೆ ಕಟ್ಟಿದ್ದು ದೊಡ್ಡ ಕೆಲಸ. ತರಗತಿಯಲ್ಲಿ ವಚನ ಪಾಠ ಮಾಡುವಾಗ ನಾನು ಇದನ್ನು ಮರೆಯದೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯರು ಆ ದಿನ ಮಾತ್ರ ಕೈ ಎತ್ತಿ ಪ್ರಶ್ನೆ ಕೇಳುತ್ತಿದ್ದರು.

ಇನ್ನು ಕಾಗದದ ವಯಸ್ಸಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಬೇಕು.

ನನ್ನ ಅಣ್ಣ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ. 1981ರ ಜನಗಣತಿಗೆ ಅವನನ್ನು ಹಾಕಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವನು ಹೇಳುತ್ತಿದ್ದ: ಗಂಡಸರೆಲ್ಲ ನಲವತ್ತು, ನಲವತ್ತೈದು, ಐವತ್ತು ಎಂದೇ ಹೇಳುತ್ತಾರೆ, ನಲವತ್ತಮೂರು ಎನ್ನುವವನು ಒಬ್ಬನೂ ಸಿಗುವುದಿಲ್ಲ. ಒಬ್ಬ ಅಜ್ಜಿಯಂತೂ, “ನೀನೇ ನೋಡ್ಕೊಂಡು ಬರ್ಕೊಳಪ್ಪ” ಎಂದಳಂತೆ. ಅವನು ಮೇಷ್ಟ್ರು, ಸುಮ್ಮನೆ ಬರೆದುಕೊಳ್ಳಲಿಲ್ಲ. ಗಾಂಧಿ ಸತ್ತಾಗ ನಿನಗೆ ಮದುವೆಯಾಗಿತ್ತಾ ಎಂದು ಕೇಳಿದ. ಆಗಿತ್ತು, ದೊಡ್ಡವನು ಮೊಲೆ ಕುಡಿಯುತ್ತಿದ್ದ. ಪ್ಲೇಗಿಗೆ ಊರು ಬಿಟ್ಟದ್ದು ನೆನಪಿದೆಯಾ? ಅಮ್ಮನ ಸೊಂಟದ ಮೇಲೆ ಕೂತಿದ್ದು ನೆನಪಿದೆ. ಹೀಗೆ ಪ್ರಶ್ನೆ ಕೇಳುತ್ತ ಕೇಳುತ್ತ ಒಂದು ಸಂಖ್ಯೆಗೆ ಬಂದ. ಆ ಗಂಡಸರು ಹೇಳಿದಂತೆ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸುಗಳ ಬಳಿ ಜನ ಗುಂಪುಗೂಡುವುದು ಜನಸಂಖ್ಯಾಶಾಸ್ತ್ರಜ್ಞರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅದನ್ನು ಅಳೆಯಲು ವಿಪಲ್ ಸೂಚ್ಯಂಕ ಎಂಬ ಒಂದು ಅಳತೆಯೇ ಇದೆ.

ಅಂದರೆ ಆ ತಲೆಮಾರಿನವರಿಗೆ ವಯಸ್ಸು ಇರಲಿಲ್ಲವೆಂದಲ್ಲ. ಇತ್ತು, ಬೇರೆ ರೀತಿಯಲ್ಲಿ ಇತ್ತು. ಸಂವತ್ಸರಗಳು ಅರವತ್ತು. ಹುಟ್ಟಿದ ಸಂವತ್ಸರ ಮರಳಿ ಬಂದರೆ ಷಷ್ಟ್ಯಬ್ದಿ. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರದರ್ಶನ ಶಾಂತಿ. 2018ರಲ್ಲಿ ವಿಳಂಬಿ ಮರಳಿ ಬಂದಾಗ ತಾಯಿ ಇರಲಿಲ್ಲ, ಆದರೆ ಆ ಯುಗಾದಿಯ ದಿನ ಪಂಚಾಂಗದಲ್ಲಿ ಆ ಹೆಸರು ಓದಿ ನನಗೆ ಅವಳ ದನಿ ಕೇಳಿದಂತಾಯಿತು. ಅದೇ ವರ್ಷ ಮೇ 31ರಂದು ನಾನು ನಿವೃತ್ತಳಾದೆ. ತಿಂಗಳ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಆದ್ದರಿಂದ ಮೇ 31 ಎಂದರೆ ನಮ್ಮ ಕಚೇರಿಗಳಲ್ಲಿ ಹಾರ ತುರಾಯಿಗಳ ದಿನ. ತಾಯಿಯ ಲೆಕ್ಕದಲ್ಲಿ ನನಗೆ ಇನ್ನೂ ಐದಾರು ತಿಂಗಳು ಬಾಕಿ ಇತ್ತು.

ತಿದ್ದಿಸಿಕೊಳ್ಳಬಹುದಿತ್ತಲ್ಲ ಎಂದು ಹಲವರು ಕೇಳಿದ್ದಾರೆ. 1974ರಲ್ಲಿ ನಮ್ಮ ರಾಜ್ಯ, ಸರ್ಕಾರಿ ನೌಕರರ ವಯಸ್ಸಿನ ನಿರ್ಣಯಕ್ಕೆಂದೇ ಒಂದು ಕಾಯಿದೆ ಮಾಡಿತು. ಸೇವಾ ದಾಖಲೆಯಲ್ಲಿ ಒಪ್ಪಿಕೊಂಡ ಜನ್ಮದಿನಾಂಕವನ್ನು ಮೂರು ವರ್ಷದೊಳಗೆ ಪ್ರಶ್ನಿಸದಿದ್ದರೆ ಆಮೇಲೆ ಅದು ಬದಲಾಗುವುದಿಲ್ಲ. ಇದು ಕಠಿಣವೆನ್ನಿಸಬಹುದು, ನನಗೆ ಸರಿ ಎನ್ನಿಸುತ್ತದೆ. ನಿವೃತ್ತಿಯ ಅಂಚಿನಲ್ಲಿ ಎಲ್ಲರೂ ಕಿರಿಯರಾಗತೊಡಗಿದರೆ ಕೆಲಸಕ್ಕೆ ಕಾದ ಹುಡುಗರ ಗತಿಯೇನು? ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣ ನಿಮಗೆ ನೆನಪಿರಬಹುದು. ಒಂದು ದಾಖಲೆಯಲ್ಲಿ 1950ರ ಮೇ 10, ಇನ್ನೊಂದರಲ್ಲಿ 1951ರ ಮೇ 10. ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2012ರ ಫೆಬ್ರುವರಿಯಲ್ಲಿ ಅರ್ಜಿ ಹಿಂದಕ್ಕೆ ತೆಗೆದುಕೊಂಡರು. ಸೇನೆಯ ದೊರೆಗೂ ಹುಟ್ಟಿದ ವರ್ಷ ಕೈಗೆ ಸಿಗಲಿಲ್ಲ. ನಮ್ಮ ವಿಶ್ವೇಶ್ವರಯ್ಯನವರಿಗೂ ಎರಡು ಇಸವಿಗಳಿವೆ; ಕೆಲವೆಡೆ 1860, ಕೆಲವೆಡೆ 1861. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು.

ಕಾಗದದ ವಯಸ್ಸಿನ ಒಂದು ಗುಣ ಗಮನಿಸಿ: ಅದು ಬೇಕಾದಾಗ ಏರುತ್ತದೆ, ಬೇಕಾದಾಗ ಇಳಿಯುತ್ತದೆ. ಶಾಲೆಗೆ ಸೇರಿಸಲು ಏರಿಸುತ್ತಾರೆ, ನೌಕರಿಗೆ ಇಳಿಸುತ್ತಾರೆ, ಪಿಂಚಣಿಗೆ ಮತ್ತೆ ಏರಿಸುತ್ತಾರೆ. ಕ್ರೀಡೆಯಲ್ಲಿ ಇಳಿಸುವುದು ದೊಡ್ಡ ಪಿಡುಗು. 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ರಾಹುಲ್ ದ್ರಾವಿಡ್, ಕಿರಿಯರ ಕ್ರಿಕೆಟ್‌ನಲ್ಲಿ ವಯಸ್ಸು ಮುಚ್ಚಿಡುವುದರ ಬಗ್ಗೆ ಬಹಳ ಹೊತ್ತು ಮಾತಾಡಿದರು. ತಂದೆತಾಯಿ, ತರಬೇತುದಾರರು ಸೇರಿ ಸುಳ್ಳು ವಯಸ್ಸು ಬರೆಸಿದರೆ ಹುಡುಗನಿಗೆ ಮೊದಲು ಕಲಿಸುವ ಪಾಠವೇ ಮೋಸವಾಗುತ್ತದೆ ಎಂಬುದು ಅವರ ಕಳವಳ. ಕ್ರಿಕೆಟ್ ಮಂಡಳಿ ಈಗ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ನ್ಯಾಯಾಲಯಗಳಲ್ಲೂ ಮೂಳೆ ಪರೀಕ್ಷೆ ಕೊನೆಯ ಆಸರೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮೊದಲು ಶಾಲೆಯ ಇಲ್ಲವೇ ಪರೀಕ್ಷಾ ಮಂಡಳಿಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ, ಯಾವುದೂ ಇಲ್ಲದಾಗ ಮಾತ್ರ ಮೂಳೆ. ಮೂಳೆಯೂ ಎರಡು ವರ್ಷ ಆಚೀಚೆ ಹೇಳಬಲ್ಲದೇ ಹೊರತು ತಾರೀಕು ಹೇಳಲಾರದು.

ಮದುವೆಯ ವಿಷಯದಲ್ಲಿ ಏರಿಸಿದ ವಯಸ್ಸು ಬದುಕನ್ನೇ ನುಂಗುತ್ತದೆ. 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರಲ್ಲಿ ಅದು 18 ಮತ್ತು 21 ಆಯಿತು. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ, 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು ಎಂದಿತು. ಆದರೂ ಹದಿನೈದರ ಹುಡುಗಿಗೆ ಸೀರೆ ಉಡಿಸಿ ಹದಿನೆಂಟು ಎನ್ನುವವರು ಇದ್ದಾರೆ. ಅಂಥ ಮನೆಯ ಬಾಗಿಲಲ್ಲಿ ಅಂಗನವಾಡಿ ಕಾರ್ಯಕರ್ತೆ ನಿಂತು ಶಾಲೆಯ ದಾಖಲೆ ಕೇಳಿದರೆ, ಆ ಪ್ರಶ್ನೆಗಿಂತ ಕರುಣೆಯ ಪ್ರಶ್ನೆ ಇನ್ನೊಂದಿಲ್ಲ. ಯಾಕೆ ಕೇಳುತ್ತೀಯ ಎಂದರೆ ಅವಳ ಬಳಿ ಉತ್ತರವಿದೆ.

ಈಗ ನಮ್ಮ ಬೀದಿಯ ಒಬ್ಬಾಕೆಯ ಮಾತು. ಬೆಳಗ್ಗೆ ಸೇವಂತಿಗೆ, ಕನಕಾಂಬರ ಮಾರುತ್ತಾಳೆ. ಮಾರು ಹಾಕುವಾಗ ಅವಳ ಬೆರಳಿನ ಗೆಣ್ಣು ಊದಿರುವುದು ಕಾಣುತ್ತದೆ. ರೇಷನ್ ಕಾರ್ಡಿನ ಪ್ರಕಾರ ಒಂದು ವಯಸ್ಸು, ವೋಟರ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಆಧಾರ್‌ನಲ್ಲಿ ಜನವರಿ 1 ಎಂದಿದೆ, ಏಕೆಂದರೆ ನೋಂದಣಿಯ ದಿನ ಅವಳು ಅಂದಾಜಿನ ವರ್ಷ ಮಾತ್ರ ಹೇಳಿದ್ದಳು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಿರಬೇಕು. ಅರ್ಜಿ ಕೊಡಲು ಹೋದ ಕಚೇರಿಯಲ್ಲಿ ಮೂರೂ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಇದರಲ್ಲಿ ನೀನು ಯಾವುದಮ್ಮ ಎಂದು ಕೇಳಿದರಂತೆ. ಅವಳು ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಆ ಮಾತನ್ನು ಎರಡು ಸಲ ಹೇಳಿದಳು. ಹೂವಿನ ಬುಟ್ಟಿ ಪಕ್ಕದಲ್ಲಿತ್ತು. ನನ್ನಲ್ಲಿ ಉತ್ತರ ಇರಲಿಲ್ಲ. ಶಾಲೆಗೆ ಹೋಗದವಳು ಶಾಲೆಯ ದಾಖಲೆ ಎಲ್ಲಿಂದ ತರಬೇಕು? 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಆಧಾರ್ ಗುರುತಿನ ಪುರಾವೆಯೇ ಹೊರತು ಹುಟ್ಟಿದ ದಿನದ ಪುರಾವೆಯಲ್ಲ ಎಂದು ಹೇಳಿ, ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಹಿಡಿಯಿತು. ಕಾನೂನಿನ ದೃಷ್ಟಿಯಿಂದ ಸರಿ. ಹೂವಿನವಳಿಗೆ ಶಾಲೆಯ ಪತ್ರವಿಲ್ಲ, ಇರುವ ಆಧಾರ್ ನಡೆಯುವುದಿಲ್ಲ.

ಇದರ ಪಕ್ಕದಲ್ಲಿ ಸಾಲುಮರದ ತಿಮ್ಮಕ್ಕನವರನ್ನು ನೆನೆಯುತ್ತೇನೆ. 2025ರ ನವೆಂಬರ್ 14ರಂದು ಅವರು ತೀರಿಕೊಂಡಾಗ 114 ವರ್ಷ ಎಂದು ಪತ್ರಿಕೆಗಳು ಬರೆದವು. ಅವರೂ ಶಾಲೆಗೆ ಹೋದವರಲ್ಲ. ಹುಲಿಕಲ್‌ನಿಂದ ಕುದೂರಿನವರೆಗಿನ ಆಲದ ಸಾಲೇ ಅವರ ಸಾಕ್ಷಿ. ಅವರ ವಯಸ್ಸನ್ನು ನಾಡು ಬಾಯಿಮಾತಿನಲ್ಲೇ ಒಪ್ಪಿಕೊಂಡಿತು. ಅದೇ ನಂಬಿಕೆಯ ಒಂದು ಪಾಲು ಹೂವಿನವಳಿಗೂ ಸಿಗಬೇಕು ಎಂಬುದು ನನ್ನ ಆಸೆ. ಅಣ್ಣ ಮಾಡಿದಂತೆ ಕೂತು ನಾಲ್ಕು ಪ್ರಶ್ನೆ ಕೇಳಿದರೆ ಅವಳ ವಯಸ್ಸು ತಾನಾಗಿ ಹೊರಬರುತ್ತದೆ. ಮುಂದಿನವರಿಗೆ ಈ ಕಷ್ಟ ಇರಲಿಕ್ಕಿಲ್ಲ: 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಎಲ್ಲಕ್ಕೂ ಆಧಾರ. ಅಂದಹಾಗೆ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೂವಿನವಳು ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ಅಲ್ಲಿ ಕಂಡಕ್ಟರು ಕೇಳುವುದು ಈ ರಾಜ್ಯದವಳೇ ಎಂದು ಮಾತ್ರ, ವಯಸ್ಸು ಕೇಳುವುದಿಲ್ಲ. ಅವಳು ಆಧಾರ್ ತೋರಿಸಿ ನೆಟ್ಟಗೆ ಕೂರುತ್ತಾಳೆ.

ಮೂರನೆಯ ಭಾಗಕ್ಕೆ ಹೊರಳುತ್ತೇನೆ. ಮುಚ್ಚಿಡುವುದು.

ಒಂದು ಹಳೆಯ ಸಂಸ್ಕೃತ ಸುಭಾಷಿತ ಯತ್ನಪೂರ್ವಕ ಗುಟ್ಟಾಗಿಡಬೇಕಾದ ಒಂಬತ್ತು ವಿಷಯಗಳನ್ನು ಎಣಿಸುತ್ತದೆ. ಹಣ, ಮನೆಯ ಹುಳುಕು, ಮಂತ್ರ, ಔಷಧ, ದಾನ, ಮಾನ, ಅವಮಾನ ಎಲ್ಲ ಅದರಲ್ಲಿವೆ. ಪಟ್ಟಿಯ ಮೊದಲ ಪದವೇ ಆಯುಸ್ಸು. ಇದನ್ನು ಮೊದಲ ಬಾರಿ ಓದಿದಾಗ, ಕಣ್ಣಿಗೆ ಕಾಣುವುದನ್ನು ಗುಟ್ಟಾಗಿಡುವುದು ಹೇಗೆ ಎಂದುಕೊಂಡಿದ್ದೆ. ಈಗ ಅರ್ಥವಾಗುತ್ತದೆ: ಕಾಣುವುದು ದೇಹ, ಗುಟ್ಟಾಗಿರುವುದು ಅಂಕಿ. ಅಂಕಿ ಸಿಕ್ಕ ಕೂಡಲೇ ಜನ ದೇಹವನ್ನೂ ಮನುಷ್ಯನನ್ನೂ ನೋಡುವುದು ಬಿಟ್ಟು ಅಂಕಿಯನ್ನು ನೋಡತೊಡಗುತ್ತಾರೆ.

ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಎನ್ನುತ್ತಾರೆ. ಈ ಮಾತನ್ನು ನಾನು ಮೆಚ್ಚುವುದಿಲ್ಲ. ಹೆಣ್ಣಿಗೆ ವಯಸ್ಸೇ ಬೆಲೆ, ಗಂಡಿಗೆ ಸಂಬಳವೇ ಬೆಲೆ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಕೇಳಬೇಡಿ ಎನ್ನುವ ಸೌಜನ್ಯ ಅದು. ಮೂವತ್ತಾದರೂ ಮದುವೆಯಾಗದ ಹುಡುಗಿ, ಮದುವೆಯಾಗಿ ಮಕ್ಕಳಿಲ್ಲದ ಹೆಂಗಸು, ಐವತ್ತಕ್ಕೆ ಕೆಲಸ ಕಳೆದುಕೊಂಡ ಗಂಡಸು ಇವರಿಗೆ ವಯಸ್ಸಿನ ಪ್ರಶ್ನೆ ಪ್ರಶ್ನೆಯಾಗಿ ಕೇಳುವುದಿಲ್ಲ. ಇಷ್ಟು ಹೊತ್ತಿಗೆ ಆಗಬೇಕಿತ್ತು ಎಂಬ ತೀರ್ಪಾಗಿ ಕೇಳುತ್ತದೆ.

ನಾನು ಸಂಜೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಇದ್ದಳು. ಮೊದಲ ದಿನ ಎಲ್ಲರೂ ಎದ್ದು ನಿಂತು ಹೆಸರು, ಊರು, ವಯಸ್ಸು ಹೇಳಬೇಕು ಎಂದು ನಾನು ಹೇಳಿದೆ. ಯಾಕೆ ವಯಸ್ಸು ಸೇರಿಸಿದೆ ಎಂದು ಈಗ ಯೋಚಿಸಿದರೆ ಕಾರಣವೇ ಇಲ್ಲ. ಬಾಯಿಗೆ ಬಂತು, ಹೇಳಿದೆ. ಹದಿನೆಂಟು, ಹತ್ತೊಂಬತ್ತು, ಹದಿನೆಂಟು ಎಂದು ಸಾಲು ಬರುತ್ತಿತ್ತು. ಅವಳ ಸರದಿ ಬಂದಾಗ ಎದ್ದು ಹೆಸರು ಹೇಳಿದಳು, ಊರು ಹೇಳಿದಳು, ನಿಂತಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆಮೇಲೆ ಮೂವತ್ತನಾಲ್ಕು ಎಂದಳು. ಯಾರೂ ನಗಲಿಲ್ಲ. ಎಲ್ಲರೂ ತಿರುಗಿ ನೋಡಿದರು, ಅಷ್ಟೆ. ಎರಡನೆಯ ದಿನದಿಂದ ಹುಡುಗರು ಅವಳನ್ನು ಆಂಟಿ ಎಂದು ಕರೆದರು, ಪ್ರೀತಿಯಿಂದಲೇ ಕರೆದರು. ಆದರೆ ಅವಳ ಪಕ್ಕದಲ್ಲಿ ಕೂತು ನೋಟ್ಸ್ ಕೇಳಲಿಲ್ಲ, ಕ್ಯಾಂಟೀನಿಗೆ ಕರೆಯಲಿಲ್ಲ. ಮೂರು ವರ್ಷ ಅವಳು ಒಬ್ಬಳೇ ಕೂತಳು. ಆ ಮೂರು ವರ್ಷವನ್ನು ಅವಳ ಪಾಲಿಗೆ ತಂದವಳು ನಾನು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಮುಚ್ಚಿಡುವುದು ಸುಳ್ಳಲ್ಲವೇ ಎಂದು ಕೇಳಬಹುದು. ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಹದಿನಾರರ ಒಳಗಿನವರ ತಂಡದಲ್ಲಿ ಹದಿನೆಂಟರವನು ಆಡಿದರೆ ಇನ್ನೊಬ್ಬ ಹುಡುಗನ ಜಾಗ ಹೋಗುತ್ತದೆ; ಅಲ್ಲಿ ಮೌನಕ್ಕೂ ಎಡೆಯಿಲ್ಲ. ನನ್ನ ತರಗತಿಯ ಆ ಹೆಣ್ಣುಮಗಳು ವಯಸ್ಸು ಹೇಳದಿದ್ದರೆ ಯಾರ ಜಾಗವೂ ಹೋಗುತ್ತಿರಲಿಲ್ಲ. ನನಗೆ ಕಾಣುವ ಗೆರೆ ಇದು. ಇತರರ ಪಾಲಿನದನ್ನು ಪಡೆಯಲು ವಯಸ್ಸು ಕಾರಣವಾದರೆ ಅದನ್ನು ಹೇಳಲೇಬೇಕು, ಸರಿಯಾಗಿ ಹೇಳಬೇಕು. ಉಳಿದ ಕಡೆ ಅದು ಅವರವರ ಸ್ವತ್ತು.

ಬರಹದಲ್ಲಿ ವಯಸ್ಸು ತಾನಾಗಿಯೇ ಮರೆಯಲ್ಲಿರುತ್ತದೆ. ಗಿರೀಶ ಕಾರ್ನಾಡರ ‘ಯಯಾತಿ’ ಪ್ರಕಟವಾದದ್ದು 1961ರಲ್ಲಿ. ಆಗ ಅವರಿಗೆ ಇಪ್ಪತ್ತಮೂರು. ಮಗನ ಯೌವನವನ್ನು ತಂದೆ ತೆಗೆದುಕೊಳ್ಳುವ ಮಹಾಭಾರತದ ಕಥೆಯನ್ನು ಆ ಪ್ರಾಯದಲ್ಲಿ ಕೈಗೆತ್ತಿಕೊಂಡರು. ನಾಟಕ ಓದಿದವರು ಬರೆದವನ ವಯಸ್ಸು ಕೇಳಿ ಓದಲಿಲ್ಲ. ಪುಸ್ತಕದ ದೊಡ್ಡ ಗುಣವೇ ಅದು. ಓದುಗನಿಗೆ ಮಾತು ಮೊದಲು ಸಿಗುತ್ತದೆ, ವಯಸ್ಸು ಆಮೇಲೆ.

ಇದೇ ಎಳೆ ಹಿಡಿದು ಕೊನೆಯ ಭಾಗಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಮಾತ್ರ ಇದ್ದ ಈ ಸ್ಥಿತಿ ಈಗ ಎಲ್ಲರಿಗೂ ಬಂದಿದೆ. ಫೋನಿನಲ್ಲಿ ಮುಖ ಕಾಣದವರೊಡನೆ ದಿನವಿಡೀ ಮಾತಾಡುತ್ತೇವೆ, ಆಡುತ್ತೇವೆ, ಕಲಿಯುತ್ತೇವೆ. ವಯಸ್ಸಾದವರಿಗೆ ಇದರಲ್ಲಿ ಬಿಡುಗಡೆಯಿದೆ. ಅರವತ್ತಾರರಲ್ಲಿ ವಯೊಲಿನ್ ಕಲಿಯಲು ಹೊರಟವರನ್ನು ಯಾರೂ ತಿರುಗಿ ನೋಡುವುದಿಲ್ಲ. ಕಿರಿಯರಿಗೂ ಇದೆ, ಹದಿನೇಳರ ಹುಡುಗಿ ಬರೆದ ವಿಮರ್ಶೆಗೆ ನಿನ್ನ ವಯಸ್ಸೆಷ್ಟು ಎಂಬ ಉತ್ತರ ಬರುವುದಿಲ್ಲ. ವಯಸ್ಕರು ವಯಸ್ಕರೊಡನೆ ಹೀಗೆ ಮಾತಾಡುವಾಗ ವಯಸ್ಸು ಹೇಳಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಹುಟ್ಟಿದ ತಾರೀಕನ್ನಂತೂ ಹೇಳಲೇಬಾರದು. ಆಧಾರ್‌ನ ಪ್ರತಿಯನ್ನು ಇಳಿಸಿಕೊಂಡರೆ ಅದನ್ನು ತೆರೆಯುವ ಗುಪ್ತಪದ ಯಾವುದು ಗೊತ್ತೇ? ಹೆಸರಿನ ಮೊದಲ ನಾಲ್ಕು ಅಕ್ಷರ, ಜೊತೆಗೆ ಹುಟ್ಟಿದ ಇಸವಿ. ಬ್ಯಾಂಕಿನವರೂ ಗುರುತು ಹಿಡಿಯಲು ತಾರೀಕನ್ನೇ ಕೇಳುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸುವವರು ಬೀರುವಿನ ಕೀಲಿಯನ್ನು ಬೀದಿಯಲ್ಲಿ ತೂಗುಹಾಕಿದಂತೆ.

ಮಕ್ಕಳ ವಿಷಯ ಇಷ್ಟು ಸುಲಭವಲ್ಲ. ನನ್ನ ತಂಗಿಯ ಮೊಮ್ಮಗನಿಗೆ ಹನ್ನೊಂದು. ಚೆಸ್ ಆಡುವ ಆ್ಯಪ್ ಹಾಕಿಕೊಳ್ಳುವಾಗ ನಾನು ಪಕ್ಕದಲ್ಲಿದ್ದೆ. ಹುಟ್ಟಿದ ವರ್ಷ ಕೇಳಿತು. ಅವನು ಹೆಬ್ಬೆರಳಿನಿಂದ ಇಸವಿಗಳ ಪಟ್ಟಿಯನ್ನು ಗಿರ್ರನೆ ತಿರುಗಿಸಿದ, ಅದು 1990ರ ಆಸುಪಾಸು ನಿಂತಿತು, ಒತ್ತಿದ. ಒಂದು ಕ್ಷಣವೂ ಹಿಡಿಯಲಿಲ್ಲ. ಯಾಕೋ ಎಂದರೆ, “ಎಲ್ರೂ ಹಂಗೇ ಮಾಡ್ತಾರೆ ದೊಡ್ಡಜ್ಜಿ” ಎಂದ. ಹೆಡ್‌ಮೇಷ್ಟ್ರು ನನಗೆ ಐದೂವರೆ ತಿಂಗಳು ಸೇರಿಸಿದ್ದರು. ಇವನು ತನಗೆ ತಾನೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಸೇರಿಸಿಕೊಂಡ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬ ಆಟಗಾರ ಎಷ್ಟು ವರ್ಷ, ಯಾವ ಶಾಲೆ ಎಂದು ಸಂದೇಶ ಕಳಿಸಿದ, ತನಗೆ ಹನ್ನೆರಡು ಎಂದೂ ಹೇಳಿಕೊಂಡ. ಇರಬಹುದು. ಇಲ್ಲದಿರಬಹುದು. ಆ ಎರಡರ ನಡುವೆ ಮಗು ಕೂತಿತ್ತು.

ಇಲ್ಲಿನ ಬಿಕ್ಕಟ್ಟು ಇದು. ಎದುರಿಗಿರುವುದು ಮಗು ಎಂದು ಗೊತ್ತಾದರೆ ಒಳ್ಳೆಯ ಮನುಷ್ಯ ಮಾತನ್ನು ಬಿಗಿಹಿಡಿಯುತ್ತಾನೆ, ಕೆಟ್ಟವನು ಹತ್ತಿರ ಸರಿಯುತ್ತಾನೆ. ವಯಸ್ಸು ಹೇಳಿದರೂ ಅಪಾಯ, ಹೇಳದಿದ್ದರೂ ಅಪಾಯ. ಸರ್ಕಾರಗಳೂ ದಾರಿ ಹುಡುಕುತ್ತಿವೆ. ಅಮೆರಿಕದಲ್ಲಿ 1998ರ ಕಾಯಿದೆ 13 ವರ್ಷದ ಗೆರೆ ಎಳೆಯಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ಕ್ಕಿಂತ ಕಿರಿಯರಿಗೆ ಸಾಮಾಜಿಕ ಜಾಲತಾಣಗಳ ಖಾತೆ ಇಲ್ಲ ಎಂದಿತು. 2023ರಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ವಿಚಾರಣೆಯ ನಡುವೆ 21ರ ಮಿತಿಯ ಮಾತನ್ನೂ ಆಡಿತ್ತು. ಅದೇ ವರ್ಷ ಸಂಸತ್ತು ಮಾಡಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 18 ತುಂಬದವರೆಲ್ಲ ಮಕ್ಕಳು ಎನ್ನುತ್ತದೆ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಪೋಷಕರು ವಯಸ್ಕರೆಂದು ತಿಳಿಯಲು ಅಧಿಕೃತ ಸಂಸ್ಥೆ ಕೊಡುವ ಟೋಕನ್ ಸಾಕು ಎಂಬ ಏರ್ಪಾಡು ಅವುಗಳಲ್ಲಿದೆ. ಇದು ನನಗೆ ಹಿಡಿಸಿತು. ಯಾವ ಬ್ಯಾಚು ಎಂದು ಕೇಳುವ ನಮ್ಮ ಹಳೆಯ ಉಪಾಯದ ಜಾತಿಗೇ ಸೇರಿದ್ದು ಅದು: ಬೇಕಾದಷ್ಟು ತಿಳಿಯುತ್ತದೆ, ತಾರೀಕು ಉಳಿಯುತ್ತದೆ.

ಆದರೆ ಕಾಯಿದೆ ಕಂಪನಿಗೆ ಹೇಳುತ್ತದೆ. ಮಗುವಿನೊಡನೆ ಮಾತಾಡುವ ಅಪರಿಚಿತನಿಗೆ ಯಾರು ಹೇಳಬೇಕು? ನನ್ನ ಉತ್ತರ ಹೀಗಿದೆ. ಮಗು ತನ್ನ ವಯಸ್ಸನ್ನು ಹೊರಗಿನವರಿಗೆ ಹೇಳಬೇಕಾಗಿಲ್ಲ. ಎದುರಿನದು ಮಗು ಇರಬಹುದು ಎಂದು ಅನುಮಾನ ಬಂದ ಕ್ಷಣ ತಾನು ದೊಡ್ಡವನು ಎಂದು ಹೇಳಬೇಕಾದವನು ದೊಡ್ಡವನು. ಮನೆಯಲ್ಲಿ, ಬೀದಿಯಲ್ಲಿ ನಾವು ಮಾಡುವುದು ಅದನ್ನೇ. ದಾರಿ ತಪ್ಪಿದ ಮಗುವನ್ನು ಕಂಡರೆ ಬಾರೋ ಪುಟ್ಟ, ಮಾಮ ಇದ್ದೀನಿ ಎನ್ನುತ್ತೇವೆ. ನಾನೂ ನಿನ್ನಂಥವನೇ ಎನ್ನುವುದಿಲ್ಲ. ಹಾಗೆ ಎನ್ನುವವನನ್ನು ಕಂಡರೆ ಊರು ಎಚ್ಚರಾಗುತ್ತದೆ. ಮಕ್ಕಳನ್ನು ಫೋನಿನಲ್ಲಿ ಪುಸಲಾಯಿಸಿ ಲೈಂಗಿಕ ಬಲೆಗೆ ಎಳೆಯುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿ ಅಪರಾಧ. 2012ರ ಪೋಕ್ಸೋ ಕಾಯಿದೆಯೂ ಇದೆ. ಮಕ್ಕಳ ಸಹಾಯವಾಣಿ 1098. ಈ ಅಂಕಿಯನ್ನು ಇಲ್ಲಿರುವ ತಾಯಂದಿರು ಇಂದೇ ಬರೆದುಕೊಳ್ಳಬೇಕೆಂದು ಬೇಡುತ್ತೇನೆ. ಅಂದು ಚೆಸ್ ಆಡುತ್ತಿದ್ದ ಆ ಹುಡುಗನಿಗೆ ನಾನು ಬೈಯಲಿಲ್ಲ. ಫೋನು ತೆಗೆದುಕೊಂಡು, ನಾನು ಈ ಹುಡುಗನ ಅಜ್ಜಿ, ಆಟ ಆಡಿ, ಪ್ರಶ್ನೆ ಬೇಡ ಎಂದು ಬರೆದೆ. ಆಚೆಯವರು ಆಟವನ್ನು ಅರ್ಧಕ್ಕೇ ಬಿಟ್ಟು ಹೋದರು.

ನನ್ನ ಸಮಯ ಮುಗಿಯುತ್ತ ಬಂತು. ಈ ವೇದಿಕೆಗೆ ಬರುವ ಮುನ್ನ ಪ್ರಾಂಶುಪಾಲರು ನನಗೆ ಹಳೆಯ ವಿದ್ಯಾರ್ಥಿಗಳ ಹೊಸ ಕೈಪಿಡಿಯ ಕರಡನ್ನು ಕೊಟ್ಟರು. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಬ್ಯಾಚು, ಮೊಬೈಲ್ ನಂಬರು, ಹುಟ್ಟಿದ ತಾರೀಕು ಮೂರು ಕಲಂಗಳಿವೆ. ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಬ್ಯಾಚು ಇರಲಿ, ಅದರಿಂದ ನಮಗೆ ನಮ್ಮವರು ಸಿಗುತ್ತಾರೆ. ಮೂರನೆಯ ಕಲಂ ತೆಗೆದುಬಿಡಿ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಪ್ರಾಂಶುಪಾಲರು ಹೇಳಿದ್ದಾರೆ.